ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಗೆ ಬಂದ ಗ್ರಾಡಿಯಸ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಟದ ಸುತ್ತ ಇವೆ. ಕೊನಾಮಿಯ ಗ್ರಾಡಿಯಸ್ ಅಂತರಿಕ್ಷದ ಹಡಗಿನಲ್ಲಿ ಎಡದಿಂದ ಬಲಕ್ಕೆ ಸಾಗುವ ಶೂಟಿಂಗ್ ಆಟ. ಶತ್ರುಗಳು ಬಿಟ್ಟುಹೋಗುವ ಕ್ಯಾಪ್ಸೂಲ್ ಹಿಡಿದಂತೆ ತೆರೆಯ ಕೆಳಗಿನ ಪವರ್ ಪಟ್ಟಿಯಲ್ಲಿ ಗುರುತು ಒಂದೊಂದೇ ಚೌಕ ಸರಿಯುತ್ತದೆ, ಬೇಕಾದ ಚೌಕಕ್ಕೆ ಬಂದಾಗ ಬಟನ್ ಒತ್ತಿದರೆ ಆ ಶಕ್ತಿ ಸಿಗುತ್ತದೆ. ಅವುಗಳಲ್ಲೊಂದು ಆಪ್ಷನ್, ಅಂದರೆ ಹಡಗಿನ ಹಿಂದೆಯೇ ಬಂದು ಜೊತೆಗೆ ಗುಂಡು ಹಾರಿಸುವ ಹೊಳೆಯುವ ಉಂಡೆ. ಜಪಾನಿನ ಆರ್ಕೇಡ್‌ಗಳಿಗೆ 1985ರಲ್ಲಿ ಬಂತು. 1986ರ ಏಪ್ರಿಲ್ 25ರಂದು ನಿಂಟೆಂಡೋದ ಮನೆಬಳಕೆಯ ಆಟದ ಯಂತ್ರ ಫ್ಯಾಮಿಕಾಮ್‌ಗೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದರ ಅಮೆರಿಕದ ರೂಪವಾದ ಎನ್‌ಇಎಸ್‌ಗೆ ಇಳಿಯಿತು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆಯಲ್ಲಿದ್ದ 60 ಪಿನ್ನಿನ ‘ಟಿವಿ ಗೇಮ್’ಗಳು ಫ್ಯಾಮಿಕಾಮ್‌ನ ನಕಲುಗಳೇ ಆದ್ದರಿಂದ ಈ ಕ್ಯಾಸೆಟ್ ಅವುಗಳಲ್ಲೂ ಓಡುತ್ತದೆ.

ಪ್ರಶ್ನೆ: ಆರ್ಕೇಡ್ ಗ್ರಾಡಿಯಸ್‌ನಲ್ಲಿ ಹಡಗಿನ ಹಿಂದೆ ನಾಲ್ಕು ಆಪ್ಷನ್ ಬರುತ್ತವೆ. ನನ್ನ ಕ್ಯಾಸೆಟ್‌ನಲ್ಲಿ ಎರಡು ತಗೊಂಡ ಕೂಡಲೇ ಆಪ್ಷನ್ ಅನ್ನೋ ಚೌಕ ಖಾಲಿಯಾಗುತ್ತೆ. ಲೇಸರ್ ಕೂಡ ತುಂಡು ತುಂಡು. ಅಂಗಡಿಯವನು ಡೂಪ್ಲಿಕೇಟ್ ಕೊಟ್ಟನಾ? — ದಾವಣಗೆರೆಯ ಓದುಗರು

ಉತ್ತರ: ಕ್ಯಾಸೆಟ್ ಡೂಪ್ಲಿಕೇಟೇ ಇರಬಹುದು. ಆದರೆ ಆಪ್ಷನ್ ಕಡಿಮೆಯಾಗಿದ್ದು ಅದರಿಂದಲ್ಲ. ಕೊನಾಮಿ ಮಾರಿದ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್‌ನಲ್ಲೂ ಎರಡೇ ಆಪ್ಷನ್, ಲೇಸರ್ ಅಲ್ಲೂ ಗಿಡ್ಡ.

ಕಾರಣ ಚಿತ್ರದ ಚಿಪ್‌ನಲ್ಲಿದೆ. ಪಿಪಿಯು ಎಂಬ ಫ್ಯಾಮಿಕಾಮ್‌ನ ಈ ಚಿಪ್ ತೆರೆಯ ಮೇಲೆ ಒಟ್ಟು 64 ಸ್ಪ್ರೈಟ್, ಅಂದರೆ ಚಲಿಸುವ ಪುಟ್ಟ ಚಿತ್ರದ ತುಂಡು, ಇಡಬಲ್ಲದು. ಪ್ರತಿ ಸ್ಪ್ರೈಟ್‌ನ ಅಗಲ 8 ಪಿಕ್ಸೆಲ್. ಆದರೆ ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್ ಬಂದರೆ ಒಂಬತ್ತನೆಯದನ್ನು ಅದು ಬಿಡಿಸುವುದೇ ಇಲ್ಲ. 256 ಪಿಕ್ಸೆಲ್ ಅಗಲದ ತೆರೆಯಲ್ಲಿ ಒಂದು ಗೆರೆಗೆ ಚಲಿಸುವ ವಸ್ತುಗಳಿಗೆ ಸಿಗುವುದು 64 ಪಿಕ್ಸೆಲ್ ಮಾತ್ರ, ಅಂದರೆ ಕಾಲು ಭಾಗ.

ಈಗ ಲೆಕ್ಕ ಹಾಕಿ. 16 ಪಿಕ್ಸೆಲ್ ಅಗಲದ ಒಂದು ಆಪ್ಷನ್‌ಗೆ ಅಡ್ಡಲಾಗಿ ಎರಡು ಸ್ಪ್ರೈಟ್ ಬೇಕು. ನಾಲ್ಕು ಆಪ್ಷನ್ ಒಂದೇ ಸಾಲಿಗೆ ಬಂದರೆ ಅಲ್ಲಿಗೇ ಎಂಟು ಮುಗಿಯಿತು. ಹಡಗಿಗೆ ಜಾಗವಿಲ್ಲ, ಗುಂಡಿಗೆ ಇಲ್ಲ, ಶತ್ರುವಿಗಂತೂ ಇಲ್ಲವೇ ಇಲ್ಲ. ನೇರ ಮುಂದಕ್ಕೆ ಹೋಗುವಾಗ ಆಪ್ಷನ್‌ಗಳು ಸಾಲಾಗಿ ನಿಲ್ಲುವುದೇ ಈ ಆಟದ ಸಹಜ ಸ್ಥಿತಿ. ಲೇಸರ್‌ದೂ ಇದೇ ಕಥೆ. ಆರ್ಕೇಡ್‌ನಂತೆ ಅರ್ಧ ತೆರೆಯಷ್ಟು, 128 ಪಿಕ್ಸೆಲ್ ಉದ್ದದ ಗೆರೆ ಎಳೆಯಲು 16 ಸ್ಪ್ರೈಟ್ ಬೇಕು. ಅದು ಮಿತಿಯ ಎರಡು ಪಟ್ಟು.

ಇದರ ಮೇಲೆ ಡಿಕ್ಕಿ ಪರೀಕ್ಷೆಯ, ಅಂದರೆ ಯಾವ ಗುಂಡು ಯಾವ ಶತ್ರುವಿಗೆ ತಗಲಿತು ಎಂದು ನೋಡುವ ಖರ್ಚು. ಹಡಗಿಗೂ ಪ್ರತಿ ಆಪ್ಷನ್‌ಗೂ ಒಮ್ಮೆಗೆ ಎರಡು ಗುಂಡು, ಒಂದು ಮಿಸೈಲ್ ಎಂದಿಟ್ಟುಕೊಳ್ಳಿ. ಎರಡು ಆಪ್ಷನ್ ಇದ್ದರೆ 9 ವಸ್ತು, ನಾಲ್ಕಿದ್ದರೆ 15. ಎದುರಿಗೆ 8 ಶತ್ರುಗಳಿದ್ದರೆ 72 ಪರೀಕ್ಷೆಗಳ ಬದಲು 120. ಒಂದಕ್ಕೆ ಪ್ರೊಸೆಸರ್‌ನ 50 ಸೈಕಲ್ (ಗಡಿಯಾರದ ಮಿಡಿತ) ಹಿಡಿದರೂ 6,000 ಸೈಕಲ್ ಆಯಿತು. 1.79 ಮೆಗಾಹರ್ಟ್ಸ್‌ನ ಆ ಪ್ರೊಸೆಸರ್‌ಗೆ ಒಂದು ಫ್ರೇಮಿನಲ್ಲಿ, ಅಂದರೆ ತೆರೆಯನ್ನು ಒಮ್ಮೆ ಬಿಡಿಸುವ ಅವಧಿಯಲ್ಲಿ, ಸಿಗುವುದೇ ಸುಮಾರು 29,780 ಸೈಕಲ್. ಐದನೇ ಒಂದು ಪಾಲು ಇದಕ್ಕೇ ಹೋದರೆ ಶತ್ರುಗಳ ಚಲನೆ, ಸಂಗೀತ, ನೆಲದ ಚಿತ್ರ ಎಲ್ಲಕ್ಕೂ ಉಳಿದದ್ದರಲ್ಲೇ ಸಂಸಾರ ಮಾಡಬೇಕು. ಆರ್ಕೇಡ್ ಯಂತ್ರದಲ್ಲಿ ಆಟಕ್ಕೆ 16 ಬಿಟ್‌ನ 68000 ಪ್ರೊಸೆಸರ್, ಧ್ವನಿಗೆ ಬೇರೆಯೇ ಆದ ಝಡ್80 ಇತ್ತು.

ಕ್ಯಾಸೆಟ್‌ನ ಜಾಗವೂ ಕಿರಿದು. ಪ್ರೋಗ್ರಾಂಗೆ 32 ಕೆಬಿ, ಚಿತ್ರಗಳಿಗೆ 32 ಕೆಬಿ, ಅಷ್ಟೇ. ಚಿತ್ರದ 32 ಕೆಬಿ ಎಂದರೆ 8 ಕೆಬಿಯ ನಾಲ್ಕು ಬ್ಯಾಂಕ್ (ಭಾಗ), ಪಿಪಿಯುಗೆ ಒಮ್ಮೆಗೆ ಕಾಣುವುದು ಒಂದೇ. ಈ ಬಗೆಯ ಬೋರ್ಡ್‌ನಲ್ಲಿ ಬ್ಯಾಂಕ್ ಬದಲಿಸಿದರೆ ಎಂಟೂ ಕೆಬಿ ಒಟ್ಟಿಗೆ ಬದಲಾಗುತ್ತದೆ, ಅರ್ಧ ಉಳಿಸಿಕೊಳ್ಳುವ ಅನುಕೂಲವಿಲ್ಲ. ಹಾಗಾಗಿ ಆಟ ನಡೆಯುವ ಪ್ರತಿ ಬ್ಯಾಂಕಿನಲ್ಲೂ ಅದೇ ಹಡಗು, ಅದೇ ಗುಂಡು, ಅದೇ ಅಂಕಿಗಳನ್ನು ಮತ್ತೆ ತುಂಬಬೇಕು. ಹೊಸ ಶತ್ರುಗಳಿಗೆ ಉಳಿಯುವುದು ಮಿಕ್ಕಿದ್ದು. ಇಷ್ಟರಲ್ಲಿ ಏಳೂ ಹಂತಗಳನ್ನು ಉಳಿಸಿಕೊಂಡರಲ್ಲ, ನಮಗೆ ಬೆರಗು ಅದರದ್ದೇ.

ಅದೇ ಫ್ಯಾಮಿಕಾಮ್‌ಗೆ 1987ರಲ್ಲಿ ಬಂದ ಕೊನಾಮಿಯ ಇನ್ನೊಂದು ಶೂಟಿಂಗ್ ಆಟ ಸಲಮಾಂಡರ್‌ನಲ್ಲಿ ಆಪ್ಷನ್ ಮೂರಾಯಿತು. 1988ರ ಡಿಸೆಂಬರ್‌ನ ಗ್ರಾಡಿಯಸ್ 2ರಲ್ಲಿ ನಾಲ್ಕೂ ಬಂದವು. ಅದರ ಕ್ಯಾಸೆಟ್ ದೊಡ್ಡದು, ಒಳಗೆ ಕೊನಾಮಿಯದೇ ವಿಆರ್‌ಸಿ4 ಚಿಪ್ ಇತ್ತು. ಆದರೂ ಗೆರೆಗೆ ಎಂಟೆಂಬ ಮಿತಿಯನ್ನು ಯಾವ ಕ್ಯಾಸೆಟ್ ಚಿಪ್ಪೂ ಮೀರಲಾರದು. ಸ್ಪ್ರೈಟ್‌ಗಳ ಸರದಿಯನ್ನು ಫ್ರೇಮಿನಿಂದ ಫ್ರೇಮಿಗೆ ತಿರುಗಿಸಿ, ಒಂದೊಂದು ಸಲ ಒಂದೊಂದನ್ನು ಬಿಟ್ಟು ಬಿಡಿಸುವುದೊಂದೇ ದಾರಿ. ತೆರೆಯ ಮೇಲೆ ಹಡಗು, ಗುಂಡುಗಳು ಮಿಣುಕುವುದು ಅದಕ್ಕೇ.

ಪ್ರಶ್ನೆ: ಸರ್, ಕೊನಾಮಿ ಕೋಡ್ ಶುರುವಾಗಿದ್ದೇ ಗ್ರಾಡಿಯಸ್‌ನಿಂದ ಅಂತಾರ. ಕಾಂಟ್ರಾದಾಗ ಹೊಡದ್ರ 30 ಲೈಫ್ ಬರ್ತಾವ. ಇದರಾಗ ಎಷ್ಟು ಹೊಡದ್ರೂ ಏನೂ ಆಗವಲ್ದು. — ಹುಬ್ಬಳ್ಳಿಯ ಓದುಗರು

ಉತ್ತರ: ಕೊನಾಮಿ ಕೋಡ್ ಎಂದರೆ ಕೊನಾಮಿಯ ಹಲವು ಆಟಗಳಲ್ಲಿರುವ ಗುಟ್ಟಿನ ಬಟನ್ ಸರಣಿ. ನೀವು ಅದನ್ನು ಅವರದೇ ಇನ್ನೊಂದು ಆಟವಾದ ಕಾಂಟ್ರಾದಂತೆ ಟೈಟಲ್ ತೆರೆಯಲ್ಲಿ ಒತ್ತುತ್ತಿರಬೇಕು. ಗ್ರಾಡಿಯಸ್‌ನಲ್ಲಿ ಆಟ ಶುರುವಾದ ಮೇಲೆ ಒತ್ತಬೇಕು. ಮೊದಲು ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿ. ನಿಂತಿರುವಾಗಲೇ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಮತ್ತೆ ಸ್ಟಾರ್ಟ್. ಮಿಸೈಲ್, ಎರಡು ಆಪ್ಷನ್, ಶೀಲ್ಡ್ ಒಟ್ಟಿಗೆ ಬರುತ್ತವೆ. ಡಬಲ್ (ಎರಡು ದಿಕ್ಕಿಗೆ ಗುಂಡು) ಬೇಕೋ ಲೇಸರ್ ಬೇಕೋ ಎಂಬುದು ನಿಮ್ಮ ಆಯ್ಕೆ. ಅದನ್ನು ಕ್ಯಾಪ್ಸೂಲ್ ಹಿಡಿದೇ ಪಡೆಯಬೇಕು.

ಹೀಗೆ ಮಾಡಿಯೂ ಆಗದಿದ್ದರೆ ರಿಮೋಟ್ ನೋಡಿ. ನಮ್ಮ ಟಿವಿ ಗೇಮ್‌ಗಳ ರಿಮೋಟ್‌ನಲ್ಲಿ ಮಾಮೂಲಿ ಎ, ಬಿ ಬಟನ್‌ಗಳ ಮೇಲ್ಗಡೆ ಟರ್ಬೊ ಎ, ಟರ್ಬೊ ಬಿ ಇರುತ್ತವೆ. ಟರ್ಬೊ ಬಟನ್ ಅನ್ನು ಒಮ್ಮೆ ಮುಟ್ಟಿದರೂ ಆಟಕ್ಕೆ ಹಲವು ಸಲ ಒತ್ತಿದಂತೆ ಕೇಳಿಸುತ್ತದೆ, ಸರಣಿ ಅಲ್ಲೇ ಕೆಡುತ್ತದೆ. ಕೆಳಗಿನ ಬಟನ್‌ಗಳನ್ನೇ ಬಳಸಿ. ಎರಡನೇ ಕಾರಣ ದಿಕ್ಕಿನ ಗುಂಡಿ. ಒಳಗಿನ ರಬ್ಬರ್ ಸವೆದಿದ್ದರೆ ‘ಎಡ’ ಒತ್ತುವಾಗ ‘ಕೆಳಗೆ’ಯೂ ತಗಲುತ್ತದೆ. ಆಟದಲ್ಲಿ ಹಡಗನ್ನು ನೇರ ಎಡಕ್ಕೆ ಒಯ್ದು ನೋಡಿ. ಅದು ಓರೆಯಾಗಿ ಇಳಿದರೆ ರಿಮೋಟ್ ಬಿಚ್ಚಿ, ರಬ್ಬರ್‌ನ ಕಪ್ಪು ಚುಕ್ಕೆಗಳನ್ನೂ ಬೋರ್ಡ್‌ನ ಕಪ್ಪು ಬೆರಳುಗಳನ್ನೂ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಜ್ಜಿ ಕೆರೆದರೆ ಕಾರ್ಬನ್ ಪದರವೇ ಕಿತ್ತು ಬರುತ್ತದೆ. ಕೋಡ್ ಒತ್ತುವುದು ಒಂದನೇ ರಿಮೋಟ್‌ನಿಂದ.

ಈ ಕೋಡ್ ಇಟ್ಟವರು ಕಜುಹಿಸಾ ಹಾಶಿಮೊಟೊ. ಆರ್ಕೇಡ್ ಆಟವನ್ನು ಫ್ಯಾಮಿಕಾಮ್‌ಗೆ ತರುವಾಗ ಪರೀಕ್ಷೆಗೆಂದು ಕೊನೆತನಕ ಆಡುವುದು ಕಷ್ಟವೆನಿಸಿ ಸೇರಿಸಿದ್ದು. ಅವರು 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇನ್ನೊಂದು ಎಚ್ಚರಿಕೆ: ಸೂಪರ್ ನಿಂಟೆಂಡೋದ ಗ್ರಾಡಿಯಸ್ 3ರಲ್ಲಿ ಇದೇ ಕೋಡನ್ನು ಇದ್ದಂತೇ ಒತ್ತಿದರೆ ನಿಮ್ಮ ಹಡಗೇ ಸಿಡಿಯುತ್ತದೆ. ಅಲ್ಲಿ ಎಡ-ಬಲದ ಬದಲು ಭುಜದ ಎಲ್, ಆರ್ ಬಟನ್ ಒತ್ತಬೇಕು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಎನ್‌ಇಎಸ್‌ಗೆ ಅದರ ಪ್ರೊಸೆಸರ್‌ನ ಭಾಷೆಯಾದ 6502 ಅಸೆಂಬ್ಲಿಯಲ್ಲಿ ಸಣ್ಣ ಶೂಟಿಂಗ್ ಆಟ ಬರೆಯುತ್ತಿದ್ದೇನೆ. ಹಡಗು ಹೋದ ದಾರಿಯಲ್ಲೇ ಆಪ್ಷನ್ ಬರಬೇಕು. ನನ್ನದರಲ್ಲಿ ಹಡಗು ನಿಂತ ಕೂಡಲೇ ಎಲ್ಲ ಬಂದು ಅದರ ಮೇಲೆ ಕೂತುಬಿಡುತ್ತವೆ. — ಮೈಸೂರಿನ ಓದುಗರು

ಉತ್ತರ: ನೀವು ಪ್ರತಿ ಫ್ರೇಮಿಗೂ ಹಡಗಿನ ಜಾಗವನ್ನು ಬರೆದಿಡುತ್ತಿದ್ದೀರಿ. ಹಡಗು ಕದಲಿದಾಗ ಮಾತ್ರ ಬರೆಯಬೇಕು. ಆಗ ಹಡಗು ನಿಂತರೆ ಆಪ್ಷನ್‌ಗಳೂ ಇದ್ದಲ್ಲೇ ನಿಲ್ಲುತ್ತವೆ. ಗ್ರಾಡಿಯಸ್ ಆಟಗಾರರು ಮೇಲಕ್ಕೆ ಸರಿದು ತಟ್ಟನೆ ನಿಂತು ಆಪ್ಷನ್‌ಗಳನ್ನು ಲಂಬವಾಗಿ ನಿಲ್ಲಿಸಿಕೊಳ್ಳುವುದು ಇದರಿಂದಲೇ ಸಾಧ್ಯ.

ಮಾಡುವ ಬಗೆ ಹೀಗೆ. ಎಕ್ಸ್‌ಗೆ 32 ಬೈಟ್, ವೈಗೆ 32 ಬೈಟ್ ಮೀಸಲಿಡಿ. ಒಂದು ಬೈಟ್ ಸೂಚಕ ಇರಲಿ. ಹಡಗಿನ ಹಳೆಯ ಜಾಗ, ಹೊಸ ಜಾಗ ಹೋಲಿಸಿ. ಬೇರೆಯಾಗಿದ್ದರೆ ಸೂಚಕಕ್ಕೆ ಒಂದು ಕೂಡಿಸಿ, 31ರ ಜೊತೆ ‘ಆ್ಯಂಡ್’ ಮಾಡಿ (31 ದಾಟಿದ್ದು ಮತ್ತೆ ಸೊನ್ನೆಗೆ ಮರಳುತ್ತದೆ), ಆ ಸ್ಥಾನದಲ್ಲಿ ಎಕ್ಸ್, ವೈ ಬರೆಯಿರಿ. ಮೊದಲ ಆಪ್ಷನ್ ಓದುವುದು ಸೂಚಕದಿಂದ 12 ಹಿಂದಿನದು, ಎರಡನೆಯದು 24 ಹಿಂದಿನದು. ಕಳೆದ ಮೇಲೆ ಮತ್ತೆ 31ರ ಜೊತೆ ‘ಆ್ಯಂಡ್’. ಉದ್ದ 32, 64 ಹೀಗೆ ಎರಡರ ಘಾತವೇ ಆಗಿರಲಿ. 6502ಗೆ ಭಾಗಾಕಾರ ಬರುವುದಿಲ್ಲ, 40ರ ಪಟ್ಟಿ ಇಟ್ಟರೆ ಪ್ರತಿ ಸಲ ಹೋಲಿಸಿ ಕಳೆಯುವ ಕೆಲಸ ಬೀಳುತ್ತದೆ. ನಾಲ್ಕು ಆಪ್ಷನ್ ಬೇಕಿದ್ದರೆ 64ರ ಪಟ್ಟಿ ಸಾಕು, ಒಟ್ಟು 128 ಬೈಟ್. ಯಂತ್ರದ 2 ಕೆಬಿ ರ‍್ಯಾಮ್‌ನಲ್ಲಿ ಅದು ದೊಡ್ಡ ಮಾತಲ್ಲ. ಮೇಲಿನ ಉತ್ತರದಲ್ಲಿ ಹೇಳಿದಂತೆ, ತಡೆಯುವುದು ಗೆರೆಗೆ ಎಂಟೆಂಬ ಮಿತಿ.

ಮುಂದೆ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. ಜೀವ ಶುರುವಾದಾಗ ಪಟ್ಟಿಯ ಎಲ್ಲ ಸ್ಥಾನಕ್ಕೂ ಹಡಗಿನ ಈಗಿನ ಜಾಗವನ್ನೇ ತುಂಬಿ. ಇಲ್ಲದಿದ್ದರೆ ಹೊಸ ಆಪ್ಷನ್ ತೆರೆಯ ಎಡ ಮೂಲೆಯಲ್ಲಿ ಹುಟ್ಟುತ್ತದೆ. ಬರೆಯುವುದು ತೆರೆಯ ಮೇಲಿನ ಜಾಗವಾಗಿರಲಿ, ಹಂತದ ಜಾಗವಲ್ಲ. ಹಂತದ ಜಾಗ ಬರೆದರೆ ಹಿನ್ನೆಲೆ ಸರಿದಂತೆ ಆಪ್ಷನ್‌ಗಳು ಹಿಂದಕ್ಕೆ ಜಾರಿ ತೆರೆಯಾಚೆ ಹೋಗುತ್ತವೆ. ಹಡಗಿನ ವೇಗ ಹೆಚ್ಚಿದಂತೆ ಅಂತರವೂ ಹಿಗ್ಗುತ್ತದೆ: ಫ್ರೇಮಿಗೆ 1 ಪಿಕ್ಸೆಲ್ ಆದರೆ 12 ಪಿಕ್ಸೆಲ್ ದೂರ, 3 ಆದರೆ 36. ಅದು ಇಷ್ಟವಾಗದಿದ್ದರೆ ವೇಗಕ್ಕೆ ತಕ್ಕಂತೆ 12ನ್ನು ಇಳಿಸಿ.

ಕೆಳಗಿನ ಪವರ್ ಪಟ್ಟಿ ಅಲುಗಾಡದೆ ನಿಲ್ಲಬೇಕಾದರೆ ಸ್ಪ್ರೈಟ್ ಸೊನ್ನೆಯ ಉಪಾಯ ಬಳಸಿ: ಮೊದಲನೆಯ ಸ್ಪ್ರೈಟ್ ಹಿನ್ನೆಲೆಯನ್ನು ಮುಟ್ಟಿದೊಡನೆ ಪಿಪಿಯು ಒಂದು ಗುರುತು ಎತ್ತುತ್ತದೆ, ಪ್ರೋಗ್ರಾಂ ಅದಕ್ಕೆ ಕಾದಿದ್ದು ಅಲ್ಲಿಂದ ಕೆಳಗಿನ ಭಾಗ ಸರಿಯದಂತೆ ಮಾಡುತ್ತದೆ. ತೆರೆಯ ಗೆರೆಗಳನ್ನು ಎಣಿಸುವ ಚಿಪ್ ಇಲ್ಲದ ಅಗ್ಗದ ಬೋರ್ಡ್‌ಗೆ ಅದೇ ಗತಿ. ಆ ಸ್ಪ್ರೈಟ್‌ನ ಒಂದು ತುಂಬಿದ ಪಿಕ್ಸೆಲ್ ಹಿನ್ನೆಲೆಯ ತುಂಬಿದ ಪಿಕ್ಸೆಲ್ ಮೇಲೆ ಬೀಳಲೇಬೇಕು. ಬೀಳದಿದ್ದರೆ ನಿಮ್ಮ ಲೂಪ್ ಕಾಯುತ್ತಲೇ ಇರುತ್ತದೆ, ಆಟ ಹೆಪ್ಪುಗಟ್ಟುತ್ತದೆ. ನಿಜವಾದ ಬೋರ್ಡ್‌ನಲ್ಲಿ ಚಿತ್ರದ ಬ್ಯಾಂಕ್ ಬದಲಿಸುವಾಗ ಇನ್ನೊಂದು ತೊಡಕಿದೆ: ನೀವು ಬರೆಯುವ ಬೆಲೆಯೂ ಆ ವಿಳಾಸದಲ್ಲಿ ರೋಮ್ (ಓದಲು ಮಾತ್ರ ಬರುವ ಮೆಮೊರಿ) ಚಿಪ್‌ನೊಳಗೆ ಇರುವ ಬೆಲೆಯೂ ಚಿಪ್‌ಗಳನ್ನು ಜೋಡಿಸುವ ತಂತಿಗಳ, ಅಂದರೆ ಬಸ್‌ನ, ಮೇಲೆ ಡಿಕ್ಕಿ ಹೊಡೆಯುತ್ತವೆ. 0, 1, 2, 3 ಎಂದು ನಾಲ್ಕು ಬೈಟ್‌ಗಳ ಸಣ್ಣ ಪಟ್ಟಿಯನ್ನು ಪ್ರೋಗ್ರಾಂನಲ್ಲೇ ಇಟ್ಟು, ಯಾವ ಬೆಲೆಯೋ ಅದೇ ಬೈಟ್‌ನ ವಿಳಾಸಕ್ಕೆ ಬರೆಯಿರಿ. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಸರಿಯಾಗಿದ್ದದ್ದು ಕ್ಯಾಸೆಟ್‌ನಲ್ಲಿ ಗೋಜಲು ಚಿತ್ರ ತೋರಿಸಿದರೆ ಮೊದಲ ಅನುಮಾನ ಇದರ ಮೇಲಿರಲಿ.

ಪ್ರಶ್ನೆ: ಅಮ್ಮನ ಮನೆಯ ಹಳೆಯ ಪೆಟ್ಟಿಗೆ ಟಿವಿಯಲ್ಲಿ ಶೀಲ್ಡ್ ಮಿಣುಕುತ್ತಾ ಕಾಣುತ್ತದೆ. ನಮ್ಮ ಎಲ್‌ಇಡಿ ಟಿವಿಯಲ್ಲಿ ಕೆಲವೊಮ್ಮೆ ಹಡಗಿನ ಅರ್ಧಭಾಗವೇ ಮಾಯ. ಟಿವಿ ಹಾಳಾಗಿದೆಯೇ? — ಉಡುಪಿಯ ಓದುಗರು

ಉತ್ತರ: ಟಿವಿ ಸರಿಯಾಗಿಯೇ ಇದೆ. ಅದು ಸಿಗ್ನಲ್ ಅನ್ನು ತಪ್ಪಾಗಿ ಓದುತ್ತಿದೆ. ಫ್ಯಾಮಿಕಾಮ್ ಕೊಡುವುದು 240 ಗೆರೆಗಳ ಪೂರ್ಣ ಚಿತ್ರ, ಅದೂ ಪ್ರತಿ ಸಲ. ಹೊಸ ಟಿವಿಗಳು ಅದನ್ನು 480 ಗೆರೆಗಳ ಅರ್ಧರ್ಧ ಚಿತ್ರವೆಂದು ತಿಳಿದು ಅಕ್ಕಪಕ್ಕದ ಎರಡು ಫ್ರೇಮ್‌ಗಳನ್ನು ಹೆಣೆಯುತ್ತವೆ. ಒಂದು ಫ್ರೇಮಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸ್ಪ್ರೈಟ್ ಆಗ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ, ಇಲ್ಲವೇ ಟಿವಿ ಯಾವುದೋ ಒಂದು ಫ್ರೇಮನ್ನೇ ಕೈಬಿಟ್ಟರೆ ಪೂರ್ತಿ ಮಾಯವಾಗುತ್ತದೆ. ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿಗಳೂ ಇದೇ ಕೆಲಸ ಮಾಡುತ್ತವೆ, ದುಡ್ಡು ದಂಡ. 240 ಗೆರೆಗಳ ಸಿಗ್ನಲ್ ಅರ್ಥಮಾಡಿಕೊಳ್ಳುವ ರೆಟ್ರೊಟಿಂಕ್ 2ಎಕ್ಸ್‌ನಂಥ ಸಾಧನ ಬೇಕು. ಅಷ್ಟು ಖರ್ಚು ಬೇಡವೆಂದರೆ ಅಮ್ಮನ ಮನೆಯ ಟಿವಿಯನ್ನು ಗುಜರಿಗೆ ಹಾಕಬೇಡಿ. ಎಲ್‌ಇಡಿಯಲ್ಲೇ ಆಡುವುದಾದರೆ ಗೇಮ್ ಮೋಡ್ ಹಾಕಿ. ಒತ್ತಿದ್ದಕ್ಕೂ ಹಡಗು ಕದಲುವುದಕ್ಕೂ ನಡುವಿನ ತಡ ಅಷ್ಟಾದರೂ ತಗ್ಗುತ್ತದೆ.

ಪ್ರಶ್ನೆ: ಅಣ್ಣ ಜಪಾನಿನಿಂದ ಕೆಂಪು-ಬಿಳಿ ಬಣ್ಣದ ಅಸಲಿ ಫ್ಯಾಮಿಕಾಮ್ ಮತ್ತು ಗ್ರಾಡಿಯಸ್ ಕ್ಯಾಸೆಟ್ ತಂದಿದ್ದಾನೆ. ಅಡಾಪ್ಟರ್ ಮೇಲೆ 100 ವೋಲ್ಟ್ ಅಂತ ಇದೆ. ಟಿವಿಗೆ ಹೇಗೆ ಜೋಡಿಸೋದು ಅಂತಾನೂ ತಿಳೀತಿಲ್ಲ. — ಬೆಂಗಳೂರಿನ ಓದುಗರು

ಉತ್ತರ: ಆ ಅಡಾಪ್ಟರ್ ಅನ್ನು ನಮ್ಮ 230 ವೋಲ್ಟ್ ಗೋಡೆಗೆ ದಯವಿಟ್ಟು ಚುಚ್ಚಬೇಡಿ. ಅದರ ಬದಲು ಇಲ್ಲಿಯದೇ 9 ವೋಲ್ಟ್ ಡಿಸಿ, 1 ಆಂಪಿಯರ್ ಅಡಾಪ್ಟರ್ ತನ್ನಿ. ಮೂಲದ್ದು 10 ವೋಲ್ಟ್, 850 ಮಿಲಿಆಂಪಿಯರ್. ಒಳಗಿನ 7805 ರೆಗ್ಯುಲೇಟರ್ ಅದನ್ನು 5 ವೋಲ್ಟ್‌ಗೆ ಇಳಿಸುವುದರಿಂದ 9 ಸಾಕು. 12 ವೋಲ್ಟ್ ಕೊಟ್ಟರೆ ಓಡೀತು, ಆದರೆ ಹೆಚ್ಚುವರಿಯೆಲ್ಲ ಶಾಖವಾಗಿ ಆ ರೆಗ್ಯುಲೇಟರ್ ಕಾದ ಹೆಂಚಾಗುತ್ತದೆ.

ಮುಖ್ಯ ವಿಷಯ ಧ್ರುವ. ಫ್ಯಾಮಿಕಾಮ್‌ಗೆ ಪಿನ್ನಿನ ನಡುವೆ ಋಣ, ಹೊರಗೆ ಧನ ಬೇಕು. ಎಸ್‌.ಪಿ. ರಸ್ತೆಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳು ಇದಕ್ಕೆ ತದ್ವಿರುದ್ಧ, ನಡುವೆ ಧನ. ಲೇಬಲ್ ನಂಬಬೇಡಿ, ಮಲ್ಟಿಮೀಟರ್ ಹಿಡಿಯಿರಿ: ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗೆ. ಅಂಕಿಯ ಮುಂದೆ ಮೈನಸ್ ಬಂದರೆ ಅದು ನಿಮಗೆ ಬೇಕಾದ ಅಡಾಪ್ಟರ್. ಬಾರದಿದ್ದರೆ ತಂತಿ ಕತ್ತರಿಸಿ ಅದಲುಬದಲು ಮಾಡಿ ಬೆಸೆದು, ಮತ್ತೆ ಅಳೆದು, ಆಮೇಲೆ ಚುಚ್ಚಿ. ಅಮೆರಿಕದ ಎನ್‌ಇಎಸ್‌ನ ಅಡಾಪ್ಟರ್ ಮನೆಯಲ್ಲಿದ್ದರೆ ಅದನ್ನು ಹತ್ತಿರವೂ ತರಬೇಡಿ. ಅದು ಹೊರಗೆ ಕೊಡುವುದು 9 ವೋಲ್ಟ್ ಎಸಿ. ಎನ್‌ಇಎಸ್‌ನೊಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇದೆ, ಫ್ಯಾಮಿಕಾಮ್‌ನೊಳಗೆ ಇಲ್ಲ.

ಟಿವಿ ವಿಷಯ ಇನ್ನೂ ರಗಳೆ. ಈ ಹಳೆಯ ಫ್ಯಾಮಿಕಾಮ್‌ನಲ್ಲಿ ಆ್ಯಂಟೆನಾ ಸಿಗ್ನಲ್ ಬಿಟ್ಟು ಬೇರೆ ಹೊರದಾರಿ ಇಲ್ಲ. ಅದು ಜಪಾನಿನ 1 ಅಥವಾ 2ನೇ ಚಾನೆಲ್‌ನಲ್ಲಿ, 91.25 ಅಥವಾ 97.25 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತದೆ. ನಮ್ಮ ಟಿವಿಗಳು ಆ ಜಾಗದಲ್ಲಿ ಹುಡುಕುವುದು ಅಪರೂಪ. ಸಿಕ್ಕಿದರೂ ಚಿತ್ರ ಬಂದು ಧ್ವನಿಯ ಬದಲು ಬರೀ ಸುಯ್ ಎನ್ನುತ್ತದೆ, ಏಕೆಂದರೆ ಅಲ್ಲಿ ಧ್ವನಿ ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರ, ನಮ್ಮಲ್ಲಿ 5.5.

ಹಾಗಾಗಿ ಎವಿ ಹೊರದಾರಿ ಕೊರೆಯಿಸಿಕೊಳ್ಳುವುದು ವಾಸಿ. ಪಿಪಿಯು ಚಿಪ್‌ನ 21ನೇ ಪಿನ್‌ನಿಂದ ಚಿತ್ರ ಹೊರಬರುತ್ತದೆ. ಅದನ್ನು ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್‌ನಿಂದ ಬಲಪಡಿಸಿ, 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಹಳದಿ ಜ್ಯಾಕ್‌ಗೆ ಕೊಡುತ್ತಾರೆ. ಪಿನ್ನಿನಿಂದ ನೇರವಾಗಿ ತಂತಿ ಎಳೆದರೆ ಚಿತ್ರ ಮಬ್ಬಾಗಿ ಬರುತ್ತದೆ, ಚಿಪ್‌ಗೂ ಭಾರ. ಆ ಪಿನ್ನನ್ನು ಬೋರ್ಡ್‌ನಿಂದ ಎತ್ತಿ ತಂತಿ ಬೆಸೆದರೆ ತೆರೆಯ ಮೇಲಿನ ಲಂಬ ಗೀಟುಗಳು ಬಹುಪಾಲು ತಗ್ಗುತ್ತವೆ. ಮೊಬೈಲ್ ರಿಪೇರಿಯಲ್ಲಿ ಕೈ ಪಳಗಿದವರಿಂದ ಮಾಡಿಸಿ, ಪಿನ್ ಬುಡದಲ್ಲಿ ಮುರಿದರೆ ಬದಲಿ ಚಿಪ್ ಹುಡುಕುವುದು ಹರಸಾಹಸ. ಟಿವಿ ಜಪಾನ್, ಅಮೆರಿಕಗಳ ಎನ್‌ಟಿಎಸ್‌ಸಿ ಪದ್ಧತಿಯ ಬಣ್ಣ ಗುರುತಿಸುವಂಥದ್ದಾಗಿರಬೇಕು. ನಮ್ಮ ದೇಶದ ಪಾಲ್ ಪದ್ಧತಿಯ ಹಳೆಯ ಟಿವಿಯಲ್ಲಿ ಆಟ ಕಪ್ಪುಬಿಳುಪಿನಲ್ಲಿ ಬಂದರೆ ಸಾಲ್ಡರ್ ತಪ್ಪಿದೆ ಎಂದುಕೊಂಡು ಮತ್ತೆ ಬಿಚ್ಚಬೇಡಿ.

ಪ್ರಶ್ನೆ: ನಮ್ಮ ಹಳೆಯ ಟಿವಿ ಗೇಮ್‌ನಲ್ಲಿ ಗ್ರಾಡಿಯಸ್ ಸಂಗೀತ ಎಳೆದೆಳೆದು ಬರುತ್ತದೆ. ಇಂಟರ್‌ನೆಟ್‌ನಲ್ಲಿ ನೋಡಿದ ವಿಡಿಯೋಗಳಲ್ಲಿ ಚುರುಕು. ಒಳಗೆ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್ ಬದಲಿಸಿದರೆ ಸರಿಹೋಗುತ್ತದೆಯೇ? — ಶಿವಮೊಗ್ಗದ ಓದುಗರು

ಉತ್ತರ: ಇಲ್ಲ. ನಿಮ್ಮದು 50 ಹರ್ಟ್ಸ್‌ನ ಪಾಲ್ ಯಂತ್ರ, ಆಟ ಬರೆದದ್ದು 60ಕ್ಕೆ. ಫ್ರೇಮಿಗೊಂದು ಹೆಜ್ಜೆ ಇಡುವ ಆಟ ಆರಕ್ಕೆ ಐದರಂತೆ ನಿಧಾನವಾಗುತ್ತದೆ, ತಾಳವೂ ಅಷ್ಟೇ. ಶ್ರುತಿ ಮಾತ್ರ ಶೇಕಡಾ ಒಂದರಷ್ಟೇ ಇಳಿಯುತ್ತದೆ, ಏಕೆಂದರೆ ಪ್ರೊಸೆಸರ್ ಗಡಿಯಾರ 1.79ರಿಂದ 1.77 ಮೆಗಾಹರ್ಟ್ಸ್‌ಗೆ ಬಂದಿದೆ, ಅಷ್ಟೇ. ಮುಚ್ಚಳ ಬಿಚ್ಚಿ ಕ್ರಿಸ್ಟಲ್ ಮೇಲೆ ನೋಡಿ: 26.601 ಎಂದಿದ್ದರೆ ಪಾಲ್, 21.477 ಇದ್ದರೆ ಎನ್‌ಟಿಎಸ್‌ಸಿ. ಪಾಲ್ ನಕಲುಗಳಲ್ಲಿ ಸಾಮಾನ್ಯವಾಗಿ ಯುಎ6527ಪಿ, ಯುಎ6538 ಎಂಬ ಜೋಡಿ ಚಿಪ್ ಇರುತ್ತದೆ. ಒಂದು ತೆರೆಗೆ 312 ಗೆರೆ ಎಣಿಸುವುದು ಚಿಪ್‌ನ ಒಳಗಿನ ಕೆಲಸ. ಕ್ರಿಸ್ಟಲ್ ಬದಲಿಸಿದರೆ ಬಣ್ಣವೂ ಹೋಗಿ ಚಿತ್ರವೂ ಉರುಳುತ್ತದೆ.

ಒಂದು ಲಾಭವಿದೆ ನಿಮಗೆ. ನಿಮ್ಮ ಯಂತ್ರಕ್ಕೆ ಒಂದು ಫ್ರೇಮಿನಲ್ಲಿ ಸುಮಾರು 35,460 ಸೈಕಲ್ ಸಿಗುತ್ತದೆ, ಜಪಾನಿನದಕ್ಕಿಂತ 5,700ರಷ್ಟು ಹೆಚ್ಚು. ಶತ್ರುಗಳು ಗಿಜಿಗುಟ್ಟುವಾಗ ಆಟ ತೊದಲುವುದು ನಿಮ್ಮಲ್ಲಿ ಕಡಿಮೆ.

ಪ್ರಶ್ನೆ: ಒಂದು ಸಲ ಸತ್ತರೆ ಮುಗೀತು, ಎಲ್ಲ ಪವರ್ ಹೋಗಿ ಅಲ್ಲೇ ಸಾಯ್ತಾ ಇರ್ತೀನಿ. ಏನಾದರೂ ಉಪಾಯ? — ತುಮಕೂರಿನ ಓದುಗರು

ಉತ್ತರ: ಕ್ಯಾಪ್ಸೂಲ್‌ಗಳನ್ನು ದುಡ್ಡಿನಂತೆ ಎಣಿಸಿ. ಪಟ್ಟಿಯಲ್ಲಿ ಸ್ಪೀಡ್‌ಅಪ್ 1, ಮಿಸೈಲ್ 2, ಡಬಲ್ 3, ಲೇಸರ್ 4, ಆಪ್ಷನ್ 5, ಪ್ರಶ್ನಾರ್ಥಕ ಚಿಹ್ನೆಯ ಶೀಲ್ಡ್ 6. ಪ್ರತಿ ಖರೀದಿಯ ಬಳಿಕ ಲೆಕ್ಕ ಸೊನ್ನೆಗೆ ಬರುತ್ತದೆ. ಎರಡು ಸ್ಪೀಡ್, ಮಿಸೈಲ್, ಎರಡು ಆಪ್ಷನ್, ಲೇಸರ್ ಎಂದರೆ 18 ಕ್ಯಾಪ್ಸೂಲ್. ಶೀಲ್ಡ್ ಸೇರಿದರೆ 24. ಸತ್ತ ಜಾಗದಿಂದ ಮುಂದೆ ಅಷ್ಟು ಸಿಗುವ ಹೊತ್ತಿಗೆ ಮತ್ತೆರಡು ಸಲ ಸತ್ತಿರುತ್ತೀರಿ, ಆದ್ದರಿಂದ ಪೂರ್ತಿ ಕಟ್ಟುವ ಆಸೆ ಬಿಡಿ.

ಮೊದಲ ಕ್ಯಾಪ್ಸೂಲ್ ಸ್ಪೀಡ್‌ಗೆ. ಆರಂಭದ ವೇಗದಲ್ಲಿ ಯಾವ ಗುಂಡನ್ನೂ ತಪ್ಪಿಸಲಾಗದು. ಎರಡನೆಯದೂ ಸ್ಪೀಡ್‌ಗೆ, ಅಲ್ಲಿಗೆ ಸಾಕು. ಮೂರು ನಾಲ್ಕು ಸಲ ಏರಿಸಿದರೆ ಹಡಗು ಕೈಗೆ ಸಿಗದೆ ಬಂಡೆಗೆ ಬಡಿಯುತ್ತದೆ, ಇಳಿಸುವ ದಾರಿ ಇಲ್ಲ. ಮುಂದಿನ ಐದನ್ನು ಕೂಡಿಟ್ಟು ಒಂದು ಆಪ್ಷನ್. ಮಿಸೈಲ್‌ಗೆ ಎರಡು ಖರ್ಚು ಮಾಡಿದರೆ ಆಪ್ಷನ್ ಅಷ್ಟು ದೂರವಾಗುತ್ತದೆ. ಆದರೆ ನೆಲದಲ್ಲಿ ಫಿರಂಗಿಗಳು ಸಾಲುಗಟ್ಟಿರುವ ಕಡೆ ಮಿಸೈಲ್ ಮೊದಲು. ಡಬಲ್ ಮತ್ತು ಲೇಸರ್ ಒಟ್ಟಿಗಿರುವುದಿಲ್ಲ, ಲೇಸರ್ ಇದ್ದಾಗ ಅವಸರದಲ್ಲಿ ಡಬಲ್ ಒತ್ತಿದರೆ ಲೇಸರ್ ಹೋಯಿತು. ಶೀಲ್ಡ್ ಕಾಯುವುದು ಮುಂದಿನಿಂದ ಬಂದದ್ದನ್ನು ಮಾತ್ರ, ಬೆನ್ನಿಗೂ ಹೊಟ್ಟೆಗೂ ರಕ್ಷಣೆ ಇಲ್ಲ. ನೀಲಿ ಕ್ಯಾಪ್ಸೂಲ್ ಪಟ್ಟಿಗೆ ಸೇರುವುದಿಲ್ಲ, ತೆರೆಯ ಮೇಲಿನ ಶತ್ರುಗಳನ್ನು ಅಳಿಸುತ್ತದೆ. ಸಾಧ್ಯವಾದರೆ ಇಕ್ಕಟ್ಟಾಗುವ ತನಕ ಅದನ್ನು ಮುಟ್ಟದೆ ಪಕ್ಕದಲ್ಲೇ ತೇಲಲು ಬಿಡಿ.

ಮೂರನೇ ಹಂತದ ಮೊವಾಯ್ ಕಲ್ಲುಮುಖಗಳನ್ನು ಬರಿಗೈಯಲ್ಲಿ ಒಡೆಯಲು ಹೋಗಬೇಡಿ. ಬಾಯಿ ತೆರೆದಾಗ ಮಾತ್ರ ಅವಕ್ಕೆ ಪೆಟ್ಟು. ಅವು ಉಗುಳುವ ಉಂಗುರಗಳನ್ನು ಗುಂಡಿನಿಂದ ಒಡೆಯುತ್ತಾ ದಾಟಿಕೊಳ್ಳಿ. ಹಂತದ ಕೊನೆಯಲ್ಲಿ ಬರುವ ದೊಡ್ಡ ಶತ್ರು ಹಡಗು ಬಿಗ್ ಕೋರ್ ಒಮ್ಮೆಗೆ ನಾಲ್ಕು ಲೇಸರ್ ಸಮಾನಾಂತರವಾಗಿ ಬಿಡುತ್ತದೆ. ಅದರ ನಡುವಿನ ನೀಲಿ ತಿರುಳಿಗೆ ನೇರ ನಿಂತು ಎರಡು ಗುಂಡು, ಸರಿ, ಮತ್ತೆ ಬಾ.

ಪ್ರಶ್ನೆ: ಇಲ್ಲಿ ಸ್ಯಾನ್ ಹೋಸೆಯಲ್ಲಿ ಎನ್‌ಇಎಸ್ ಮತ್ತು ಗ್ರಾಡಿಯಸ್ ಕೊಂಡೆ. ಕೆಂಪು ದೀಪ ಹತ್ತಿ ಆರುತ್ತಲೇ ಇರುತ್ತದೆ. ಸರಿಮಾಡಿ ಮೈಸೂರಿನ ತಂಗಿಯ ಮಕ್ಕಳಿಗೆ ಕಳಿಸಬೇಕೆಂದಿದೆ. — ಅಮೆರಿಕದ ಓದುಗರು

ಉತ್ತರ: ಯಂತ್ರದಲ್ಲಿರುವ ಬೀಗದ ಚಿಪ್‌ಗೂ ಕ್ಯಾಸೆಟ್‌ನಲ್ಲಿರುವ ಅದರ ಜೋಡಿಗೂ ಮಾತುಕತೆ ನಡೆಯದಿದ್ದಾಗ ಯಂತ್ರ ಸೆಕೆಂಡಿಗೊಮ್ಮೆ ತಾನೇ ರೀಸೆಟ್ ಆಗುತ್ತದೆ. ದೀಪ ಮಿಟುಕುವುದು ಅದಕ್ಕೆ. ಹೆಚ್ಚಾಗಿ ತಪ್ಪು 72 ಪಿನ್ನಿನ ಕನೆಕ್ಟರ್‌ದು. ಮೊದಲು ಕ್ಯಾಸೆಟ್‌ನ ಅಂಚನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ, ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಒರೆಸಿ. ಬಾಯಿಂದ ಊದಬೇಡಿ, ಎಂಜಲ ತೇವಕ್ಕೆ ತುಕ್ಕು ಹಿಡಿಯುತ್ತದೆ. ಆಗದಿದ್ದರೆ ಕನೆಕ್ಟರ್ ಕಳಚಿ ಡಿಸ್ಟಿಲ್ಡ್ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಕ್ಯಾಸೆಟನ್ನು ಹತ್ತಾರು ಸಲ ಹಾಕಿ ತೆಗೆದು, ಪೂರ್ತಿ ಒಣಗಿಸಿ ಜೋಡಿಸಿ. ಅಗ್ಗದ ಹೊಸ ಕನೆಕ್ಟರ್‌ಗಳು ಕ್ಯಾಸೆಟನ್ನು ಮೊಸಳೆಯಂತೆ ಕಚ್ಚುತ್ತವೆ, ಮಕ್ಕಳಿಗೆ ಕಳಿಸುವ ಯಂತ್ರಕ್ಕೆ ಬೇಡ.

ಬೀಗದ ಚಿಪ್‌ನ 4ನೇ ಪಿನ್ ಕತ್ತರಿಸಿ ಗ್ರೌಂಡ್‌ಗೆ ಬೆಸೆದರೆ ಮಿಟುಕುವುದು ಖಾಯಂ ನಿಲ್ಲುತ್ತದೆ. ಕನೆಕ್ಟರ್ ಕೊಳೆಯಾಗಿದ್ದರೆ ಆಗ ಗೋಜಲು ಚಿತ್ರ ಬರುತ್ತದೆ, ಅದನ್ನು ಸ್ವಚ್ಛ ಮಾಡುವ ಕೆಲಸ ತಪ್ಪುವುದಿಲ್ಲ. ಕಳಿಸುವಾಗ 120 ವೋಲ್ಟ್‌ನ ಅಡಾಪ್ಟರ್ ಅಲ್ಲೇ ಇಟ್ಟುಕೊಳ್ಳಿ. ಮೈಸೂರಿನಲ್ಲಿ 9 ವೋಲ್ಟ್ ಡಿಸಿ, 1.3 ಆಂಪಿಯರ್‌ನದು ಕೊಂಡರಾಯಿತು. ಎನ್‌ಇಎಸ್‌ಗೆ ಧ್ರುವ ಯಾವ ಕಡೆಯಿದ್ದರೂ ನಡೆಯುತ್ತದೆ.

ಪ್ರಶ್ನೆ: ಸೂಪರ್ ನಿಂಟೆಂಡೋ ಗ್ರಾಡಿಯಸ್ 3 ನನ್ನ ಬಳಿ ಅಸಲಿಯೇ ಇದೆ. ಗುಳ್ಳೆಗಳ ಹಂತದಲ್ಲಿ ಆಮೆಗತಿ. ಯಂತ್ರ ಹಳತಾಯಿತೇ? — ಕಲಬುರಗಿಯ ಓದುಗರು

ಉತ್ತರ: ಹೊಸದಾಗಿದ್ದಾಗಲೂ ಅದು ಹಾಗೇ ಇತ್ತು. 1990ರ ಡಿಸೆಂಬರ್ 21ರಂದು, ಸೂಪರ್ ನಿಂಟೆಂಡೋದ ಜಪಾನಿ ರೂಪವಾದ ಸೂಪರ್ ಫ್ಯಾಮಿಕಾಮ್ ಬಂದ ಒಂದೇ ತಿಂಗಳಲ್ಲಿ ಬಿಡುಗಡೆಯಾದ ಆಟ. ಕ್ಯಾಸೆಟ್‌ನಲ್ಲಿ ನಿಧಾನದ ರೋಮ್ ಇರುವುದರಿಂದ ಪ್ರೊಸೆಸರ್ 3.58ರ ಬದಲು 2.68 ಮೆಗಾಹರ್ಟ್ಸ್‌ನಲ್ಲೇ ಓಡುತ್ತದೆ. 2019ರಲ್ಲಿ ಬ್ರೆಜಿಲ್‌ನ ವಿಟರ್ ವಿಲೆಲಾ, ಬೇರೆ ನಿಂಟೆಂಡೋ ಕ್ಯಾಸೆಟ್‌ಗಳಲ್ಲಿದ್ದ 10.74 ಮೆಗಾಹರ್ಟ್ಸ್‌ನ ಎಸ್‌ಎ-1 ಚಿಪ್‌ಗೆ ಹೊಂದುವಂತೆ ಇದನ್ನು ತಿದ್ದಿ ನಿಧಾನಗತಿ ತೊಲಗಿಸಿದರು. ನಿಮ್ಮ ಅಸಲಿ ಕ್ಯಾಸೆಟ್‌ಗೆ ಅದನ್ನು ಹಾಕಲಾಗದು, ಆ ಚಿಪ್ ಇರುವ ಬೋರ್ಡ್ ಅಥವಾ ಎಮ್ಯುಲೇಟರ್ ಬೇಕು. ಒಂದು ಮಾತು: ನಿಧಾನವಾಗುತ್ತಿದ್ದಾಗ ಗುಂಡುಗಳ ನಡುವೆ ನುಸುಳಲು ಸಿಗುತ್ತಿದ್ದ ಸಮಯವೂ ಅದರೊಂದಿಗೆ ಹೋಗುತ್ತದೆ, ಆಟ ಒಮ್ಮೆಲೇ ಕಠಿಣವಾಗುತ್ತದೆ.

ಪ್ರಶ್ನೆ: ಆರ್ಕೇಡ್‌ಗೆ ಅತಿ ಹತ್ತಿರದ ಮನೆ ಆವೃತ್ತಿ ಯಾವುದು? — ಪುತ್ತೂರಿನ ಓದುಗರು

ಉತ್ತರ: ಆ ಕಾಲದ ಯಂತ್ರಗಳಲ್ಲಿ ನಮ್ಮ ಮತ ಪಿಸಿ ಎಂಜಿನ್ ಎಂಬ ಜಪಾನಿನ ಆಟದ ಯಂತ್ರಕ್ಕೆ 1991ರಲ್ಲಿ ಬಂದ ಆವೃತ್ತಿಗೆ. ಅದರ ಚಿತ್ರದ ಚಿಪ್ ಒಂದು ಗೆರೆಯಲ್ಲಿ 16 ಪಿಕ್ಸೆಲ್ ಅಗಲದ 16 ಸ್ಪ್ರೈಟ್ ಬಿಡಿಸುತ್ತದೆ, ಎಂದರೆ 256 ಪಿಕ್ಸೆಲ್. ಪ್ರೊಸೆಸರ್ 7.16 ಮೆಗಾಹರ್ಟ್ಸ್. ನಾಲ್ಕು ಆಪ್ಷನ್, ಉದ್ದದ ಲೇಸರ್ ಎರಡೂ ಇವೆ. ಆರ್ಕೇಡ್‌ನಲ್ಲಿಲ್ಲದ, ಮರಳುಗಾಡಿನಲ್ಲಿ ಮೂಳೆಗಳ ನಡುವೆ ಹಾರುವ ಒಂದು ಹಂತವನ್ನೂ ಸೇರಿಸಿದ್ದಾರೆ. ಅಪ್ಪಟ ಆರ್ಕೇಡ್ ಆಟವೇ ಬೇಕಿದ್ದರೆ 2025ರ ಆಗಸ್ಟ್‌ನಲ್ಲಿ ಬಂದ ಗ್ರಾಡಿಯಸ್ ಒರಿಜಿನ್ಸ್ ಸಂಗ್ರಹ ಈಗಿನ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್, ಸ್ವಿಚ್, ಪಿಸಿಗಳಲ್ಲಿ ಸಿಗುತ್ತದೆ. ಅದರಲ್ಲಿರುವುದು ಆರ್ಕೇಡ್ ಆವೃತ್ತಿಗಳು. ಎರಡೇ ಆಪ್ಷನ್‌ನ ಫ್ಯಾಮಿಕಾಮ್ ಗ್ರಾಡಿಯಸ್ ಹುಡುಕುವವರು ಅದನ್ನು ಕೊಳ್ಳಬೇಡಿ.